ಬೀಗರಲ್ಲದ ಶತ್ರು

ನನ್ನ ಭಾವಮೈದುನನಿಗೆ ಯುದ್ಧ ಮಾಡುವ ಆಸೆ ಇತ್ತು, ಆದರೆ ಯಾರ ಮೇಲೂ ಅಲ್ಲ. ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು, ಬಂದವರಿಗೆಲ್ಲ ಹಲ್ಲು ಕಿರಿದು ಬದುಕಿದ ಮನುಷ್ಯ. ಶತ್ರು ಅಂದರೇನು ಅಂತ ಅವನಿಗೆ ಗೊತ್ತಿದ್ದರೆ ತಾನೆ? ಅಂಥವನನ್ನು ಎದುರಾಳಿ ಮಾಡಿಕೊಂಡೆ, ಯಾಕೆಂದರೆ ನಾನಿರುವ ಹುಣಸೂರಿನಲ್ಲಿ ಬೇರೆ ಗತಿ ಇರಲಿಲ್ಲ.

ಯುದ್ಧ ಅಂದರೆ ಮೇಜಿನ ಮೇಲಿನದು. ಹೆಬ್ಬೆರಳಿನಷ್ಟು ಎತ್ತರದ ಸೈನಿಕರು ಬಣ್ಣವಿಲ್ಲದೆ ಡಬ್ಬಿಯಲ್ಲಿ ಬರುತ್ತಾರೆ. ಹಿಂದಿನ ಕಾಲದ ಎರಡು ಸೈನ್ಯ ಆರಿಸಿಕೊಂಡು, ಯಾರದು ಎಂಥ ಅಂಗಿ, ಎಂಥ ಪೇಟ ಎಂದು ತಿಳಿದುಕೊಂಡು ಬಣ್ಣ ಹಚ್ಚಿ, ಎದುರುಬದುರು ನಿಲ್ಲಿಸಿ ದಾಳ ಹಾಕಿ ಆಡಬೇಕು. ನಾನು ಅಂಗಡಿಗಳ ಬೋರ್ಡ್ ಬರೆದು ಬದುಕಿದವನು. ಫ್ಲೆಕ್ಸ್ ಎಂಬ ದರಿದ್ರ ಬಂದು ಕಂಡಕಂಡವರ ಮುಖವೆಲ್ಲ ಬೀದಿಯಲ್ಲಿ ನೇತಾಡತೊಡಗಿದ ಮೇಲೆ ನನ್ನ ಕುಂಚಕ್ಕೆ ಉಳಿದದ್ದು ಈ ಕೆಲಸ.

ಮೈಸೂರು ಸೈನ್ಯವನ್ನು ಮುಗಿಸಿದ್ದೆ. ಒಬ್ಬೊಬ್ಬನ ಅಂಗಿಯ ಮೇಲೂ ಹುಲಿಪಟ್ಟೆ ಎಳೆದಿದ್ದೆ. ಹಾಗೆ ಎಳೆಯುವ ಕೈ ಈ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅಷ್ಟರಲ್ಲಿ ಮೈಸೂರಿನ ಕಣ್ಣಿನ ಡಾಕ್ಟರು ನೋಡಿ, ಎರಡೂ ಕಣ್ಣಿನ ನಡುಭಾಗ ಸವೆಯುತ್ತಿದೆ, ಹೋದದ್ದು ವಾಪಸು ಬರುವುದಿಲ್ಲ ಎಂದರು. ಪಕ್ಕದ್ದು ಕಾಣುತ್ತದೆ, ನೆಟ್ಟು ನೋಡಿದ್ದೇ ಮಾಯ. ಇನ್ನೊಂದು ಸೈನ್ಯಕ್ಕಾಗುವಷ್ಟು ಕಣ್ಣು ಉಳಿದಿದೆ ಎಂದು ನನಗೆ ನಾನೇ ಲೆಕ್ಕ ಹಾಕಿದೆ. ಅದನ್ನು ಮುಗಿಸಿ, ಒಂದೇ ಒಂದು ಸಲ ಸರಿಯಾದ ಯುದ್ಧ ಆಡಿ ಏಳಬೇಕು.

"ಎದುರು ಸೈನ್ಯ ನಿನ್ನದು. ಯಾವುದು ಬೇಕೋ ಬೇಗ ಹೇಳು," ಎಂದೆ ಭಾವಮೈದುನನಿಗೆ. ಹೆಣ್ಣು ನೋಡಲು ಹೊರಟವರ ಹಾಗೆ ಅವನು ಪ್ರತಿ ಸೈನ್ಯದ ಮೂಲ ಕೆದಕುತ್ತಾ ಕೂತ.

ಮರಾಠರು ಎಂದೆ. ಒಳ್ಳೆಯ ಕುದುರೆ ದಳ, ನೋಡಲೂ ಚೆಂದ.

"ಬುಡಿ ಭಾವ. ಮಗಳನ್ನ ಬೆಳಗಾವಿ ಕಡೆ ಕೊಟ್ಟಿವ್ನಿ. ಬೀಗರ ಸೀಮೆಯೋರನ್ನ ಮೇಜಿನ ಮೇಲೆ ಸಾಲಾಗಿ ಮಲಗ್ಸಿದ್ರೆ ನಾಳೆ ಅವರ ಮುಖ ಎಂಗೆ ನೋಡ್ಲಿ?"

ಕೊಡಗಿನವರು ಎಂದೆ. ಪಿರಿಯಾಪಟ್ಟಣದ ಕೋಟೆಗೆ ಅವರೂ ನಾವೂ ಹೊಡೆದಾಡಿದವರು, ಮನೆ ಬಾಗಿಲಿನ ಯುದ್ಧ.

"ಅಲ್ಲಿ ಅರಸರು ಲಿಂಗ ಕಟ್ಟಿದೋರು ಕಣ್ರೀ. ನಮ್ಮೋರು."

ಹಾಗಾದರೆ ಮಲಬಾರಿನ ನಾಯರ್ ಪಡೆ ಎಂದೆ. ಎನ್. ಬೇಗೂರಿನ ಹತ್ತಿರ ಇವನ ಹೊಲವನ್ನು ಶುಂಠಿ ಬೆಳೆಯಲು ಗುತ್ತಿಗೆ ಹಿಡಿದಿರುವವರು ಕೇರಳದವರಂತೆ. ಬಲು ಒಳ್ಳೆಯ ಜನವಂತೆ, ಹಬ್ಬಕ್ಕೆ ಬಾಳೆಕಾಯಿ ಚಿಪ್ಸ್ ತಂದುಕೊಡುತ್ತಾರಂತೆ. ಚಿಪ್ಸ್ ತಿಂದ ಋಣಕ್ಕೆ ಒಂದು ಸೈನ್ಯವನ್ನೇ ಬಿಟ್ಟುಕೊಟ್ಟ ಸೇನಾಪತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೀಗೆ ಮಳೆಗಾಲ ಕಳೆಯಿತು, ತಂಬಾಕು ಹರಾಜಿನ ಕಾಲವೂ ಬಂದು ಹೋಯಿತು. ಬಾಗಿಲ ಎದುರಿನ ಕ್ಯಾಲೆಂಡರಿನ ಅಂಕಿ ನನಗೆ ಕಾಣದಾಯಿತು. ಅವನು ಮಾತ್ರ ವಾರಕ್ಕೊಮ್ಮೆ ಬಸ್ಸಿಳಿದು ಬಂದು, ಅಕ್ಕನ ಕೈಯ ಕಾಫಿ ಕುಡಿದು, "ಯೋಚ್ನೆ ಮಾಡ್ತಾ ಇವ್ನಿ ಭಾವ," ಎಂದು ಹೋಗುತ್ತಿದ್ದ. ಅವನ ಯೋಚನೆಗೆ ಬೆಂಕಿ ಹಾಕ ಎಂದು ನಾನು ಬೈಯುತ್ತಿದ್ದೆ.

ಕೊನೆಗೆ ಒಂದು ದಿನ ಮಹಾ ಸಂಶೋಧನೆ ಮಾಡಿದವನಂತೆ ಬಂದ. "ಇಂಗ್ಲಿಷ್‌ನೋರು ಇರ್ಲಿ. ಅವ್ರಿಗೆ ನಾವು ಹೆಣ್ಣು ಕೊಟ್ಟಿಲ್ಲ, ತಂದಿಲ್ಲ."

ಇಷ್ಟು ಹೇಳಲು ಒಂದು ವರ್ಷ! ಅಷ್ಟು ಹೊತ್ತಿಗೆ ನನ್ನ ಕೈಲಿ ಆಗುತ್ತಿದ್ದದ್ದು ಕೆಂಪು ಅಂಗಿ ಮಾತ್ರ. ಗುಂಡಿ, ಮೀಸೆ, ಕಣ್ಣು ಒಂದನ್ನೂ ಬರೆಯಲಾಗಲಿಲ್ಲ. ಕೆಂಪನ್ನೂ ತಲೆ ವಾರೆ ಮಾಡಿ, ಕಣ್ಣಂಚಿನಲ್ಲಿ ನೋಡುತ್ತ ಬಳಿದೆ. ಮುಖವಿಲ್ಲದ ಸೈನ್ಯ. ಅದು ಮುಗಿದ ದಿನ ಕುಂಚಗಳನ್ನು ತೊಳೆದು ಕಟ್ಟಿಟ್ಟೆ. ಮತ್ತೆ ಬಿಚ್ಚಿಲ್ಲ.

ಒಂದು ಭಾನುವಾರ ಊಟವಾದ ಮೇಲೆ ಆಟಕ್ಕೆ ಕೂತೆವು. ದಾಳ ನಾನೇ ತೇಗದ ಚೂರಿನಲ್ಲಿ ಮಾಡಿ ಚುಕ್ಕಿ ಕೊರೆದದ್ದು. ಈಗ ಅದರ ಚುಕ್ಕಿ ನನಗೆ ಕಾಣುವುದಿಲ್ಲ, ಹಾಗಾಗಿ ನನ್ನ ದಾಳವನ್ನೂ ಅವನೇ ನೋಡಿ ಹೇಳಬೇಕು. ಹೆಚ್ಚು ಬಿದ್ದರೆ ದಳ ನಿಲ್ಲುತ್ತದೆ, ಒಂದು ಬಿದ್ದರೆ ದಿಕ್ಕಾಪಾಲಾಗಿ ಓಡುತ್ತದೆ.

"ಐದು, ಭಾವ!" ಎಂದ. ಮತ್ತೆ, "ಆರು!" ನನ್ನ ಹುಲಿಪಟ್ಟೆಯವರು ಬೆಟ್ಟದಂತೆ ನಿಂತರು. ಅವನ ಕೆಂಪಂಗಿಯವರು ಸಾಲುಸಾಲಾಗಿ ಬಿದ್ದರು. ತನ್ನ ಸೈನಿಕರ ಹೆಣ ಎತ್ತಿಡುವಾಗ ಅವನ ದನಿಯಲ್ಲಿ ಎಂಥ ಖುಷಿ! ಗೊಬ್ಬರದ ಅಂಗಡಿಯಲ್ಲಿ ಚೌಕಾಸಿ ಮಾಡುವವರ ಜೊತೆ ಮಾತಾಡುವ ದನಿ ಅದು. ನನಗೆ ಅನುಮಾನ ಬಂತು.

"ಆರು!" ಎಂದ ಇನ್ನೊಮ್ಮೆ. ಅವನು ದಾಳ ಎತ್ತುವ ಮುಂಚೆ ಕೈ ಚಾಚಿ ಅದರ ಮೇಲೆ ಬೆರಳಿಟ್ಟೆ. ನಟ್ಟ ನಡುವೆ ಒಂದೇ ಒಂದು ಕುಳಿ.

"ಇದು ಎಷ್ಟು?"

ಅವನು ಸಣ್ಣಗೆ ಹೇಳಿದ, "ಅಕ್ಕನ ಗಂಡ ನೀವು. ಕಣ್ಣು ಬ್ಯಾರೆ ಇಂಗಾಗದೆ. ನಿಮ್ಮನ್ನ ಎಂಗೆ ಸೋಲಿಸ್ಲಿ ಭಾವ?"

ಮೈಯೆಲ್ಲ ಉರಿಯಿತು. ಯಾರೂ ನನಗೆ ಅಂಥ ಅವಮಾನ ಮಾಡಿರಲಿಲ್ಲ. "ಉಳಿದಿದ್ದ ಕಣ್ಣನ್ನೆಲ್ಲ ಆ ಕೆಂಪು ಅಂಗಿಗೆ ಹಾಕಿದೀನಿ ಕಣೋ. ನೀನು ನನ್ನ ಜೊತೆ ಹೊಡೆದಾಡ್ಲಿ ಅಂತ, ನಂಗೆ ತುತ್ತು ತಿನ್ನಿಸ್ಲಿ ಅಂತಲ್ಲ. ಬಿದ್ದದ್ದು ಹೇಳು, ಇಲ್ಲ ಎದ್ದು ಹೋಗು!"

ಕುರ್ಚಿ ಸರಿದ ಸದ್ದಾಯಿತು. ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಿದ್ದ.

"ಒಂದು," ಎಂದ.

ಹುಲಿಪಟ್ಟೆಯವರನ್ನು ತಡವಿ ತಡವಿ ಮೇಜಿನಿಂದ ತೆಗೆದೆ. ಮತ್ತೆ ದಾಳ ಹಾಕಿದೆ.

"ಎರಡು, ಭಾವ."

ಈ ಸಲ ನಾನು ಬೆರಳಿಟ್ಟು ನೋಡಲಿಲ್ಲ.