ಗಡುವಮ್ಮ ಸಹಿ ಹಾಕದ ವರದಿ

ಅವಳಿಗೆ ಗಡುವಮ್ಮ ಎಂದು ಹೆಸರಿಟ್ಟವರು ಬಣ್ಣ ಬಳಿಯುವವರೋ ಪ್ಲಂಬರ್‌ಗಳೋ, ಈಗ ಯಾರಿಗೂ ನೆನಪಿಲ್ಲ. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಅವಳು ಪ್ರಾಜೆಕ್ಟ್ ಮ್ಯಾನೇಜರ್. ಸೈಟಿಗೆ ಕಾಲಿಟ್ಟರೆ ಮೊದಲ ಮಾತೇ "ಯಾವಾಗ ಮುಗಿಸ್ತೀರಿ?" ಉತ್ತರ ಬರುವ ತನಕ ನಿಂತ ಜಾಗದಿಂದ ಕದಲುತ್ತಿರಲಿಲ್ಲ. ಬೆನ್ನ ಹಿಂದೆ ಹುಟ್ಟಿದ ಹೆಸರು ಒಂದು ದಿನ ಕಿವಿಗೂ ಬಿತ್ತು. ಸಿಟ್ಟಾಗುವ ಬದಲು, "ಹಾಗಿದ್ರೆ ಗಡುವಮ್ಮನ ಗಡುವು ಮೀರಬೇಡಿ" ಎಂದು ನಕ್ಕು ಮುಂದೆ ನಡೆದಿದ್ದಳು.

ಆ ವರ್ಷ ಅವಳ ಕೈಯಲ್ಲಿದ್ದದ್ದು ಒಂದು ಆಸ್ಪತ್ರೆಯ ಹೊಸ ಮಕ್ಕಳ ವಾರ್ಡು. ಗೋಡೆ ಎದ್ದು ಒಳಗಿನ ಕೆಲಸ ನಡೆಯುತ್ತಿದ್ದ ಹೊತ್ತಿಗೆ ಕಂಪನಿಯ ಮುಖ್ಯಸ್ಥರು ಮ್ಯಾನೇಜರ್‌ಗಳನ್ನೆಲ್ಲ ಸಭೆಗೆ ಕರೆದರು. ಗೋಡೆಯ ಪರದೆಯ ಮೇಲೆ ಎಐ ಎಂಬ ಹೊಸ ಸಹಾಯಕನ ಕೈಚಳಕ ತೋರಿಸಿದರು. ಸಭೆಯ ಮಾತುಕತೆ ಕೊಟ್ಟರೆ ಅದು ನಡಾವಳಿ ಬರೆಯುತ್ತಿತ್ತು, ಕೆಲಸಗಳ ವಿವರ ಕೊಟ್ಟರೆ ವೇಳಾಪಟ್ಟಿ ಹೆಣೆಯುತ್ತಿತ್ತು. ವಾರದ ವರದಿಯಂತೂ ಕೇಳಿ ಮುಗಿಸುವ ಮೊದಲೇ ಸಿದ್ಧವಾಗುತ್ತಿತ್ತು.

"ನೀವು ದಿನವೆಲ್ಲ ಕೂತು ಬರೆಯೋದನ್ನ ಇದು ಕಾಫಿ ಆರೋದ್ರೊಳಗೆ ಬರೆಯತ್ತೆ" ಎಂದರು ಮುಖ್ಯಸ್ಥರು. "ಇದನ್ನ ಕಲಿತು ಪರೀಕ್ಷೆ ಪಾಸಾದವರು ಮೇಲಿನ ದರ್ಜೆಗೆ ಹೋಗ್ತಾರೆ. ಆಗದವರು ಬೇಜಾರು ಮಾಡ್ಕೋಬೇಡಿ, ಸಂಯೋಜಕರಾಗಿ ಇರಬಹುದು."

ಸಂಯೋಜಕ ಎಂದರೆ ಅದೇ ಕೆಲಸ, ಕಡಿಮೆ ಸಂಬಳ, ಮೂಲೆಯ ಕುರ್ಚಿ. ಪಕ್ಕದಲ್ಲಿ ಕೂತಿದ್ದ ಹಿರಿಯ ಮ್ಯಾನೇಜರ್ ಕನ್ನಡಕ ತೆಗೆದು ಒರೆಸತೊಡಗಿದರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ನಿವೃತ್ತಿ ಹತ್ತಿರವೇ ಇತ್ತು. "ನನ್ನ ಗಂಟುಮೂಟೆ ಕಟ್ಟಿಸ್ತಾ ಇದಾರೆ ಕಣಮ್ಮಾ" ಎಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದರು.

ಮನೆಗೆ ಬಂದಾಗ ಅವಳ ಮುಖ ಬಿಗಿದುಕೊಂಡಿತ್ತು. ಗಂಡ ಕನ್ನಡಕದ ಅಂಗಡಿ ನಡೆಸುವವನು. ಹೆಂಡತಿಯ ಕಣ್ಣು ಓದಲು ಅವನಿಗೆ ಯಾವ ಉಪಕರಣವೂ ಬೇಡ. "ಅಮ್ಮಾ, ಇವತ್ತು ಇವಳ ತಂಟೆಗೆ ಹೋಗಬೇಡ" ಎಂದು ಎಚ್ಚರಿಸಿ ಒಳಕ್ಕೆ ಜಾರಿಕೊಂಡ. ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ ಆ ಎಚ್ಚರಿಕೆಗೆ ಕಿವಿಗೊಡಲಿಲ್ಲ. ಸೊಸೆಯನ್ನು ಎದುರು ಕೂರಿಸಿಕೊಂಡು ಪೂರ್ತಿ ಕೇಳಿಸಿಕೊಂಡರು.

ಅತ್ತೆ ಹರೆಯದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಮುಂದೆ ತೂತುಗಳ ಹಲಗೆ, ಕೈಯಲ್ಲಿ ವೈರು, ಒಬ್ಬರ ದನಿಯನ್ನು ಇನ್ನೊಬ್ಬರಿಗೆ ಜೋಡಿಸುವ ಕೆಲಸ.

"ತಾನಾಗೇ ಜೋಡಿಸೋ ಯಂತ್ರ ಬಂತು" ಎಂದರು. "ನಮ್ಮ ಕೈಗೆ ಒಂದೊಂದು ಹೂವಿನ ಗುಚ್ಛ ಕೊಟ್ಟು ಮನೆಗೆ ಹೋಗಿ ಅಂದ್ರು. ಆ ಯಂತ್ರದ ಕೆಲಸ ನಮಗೂ ಕಲಿಸಿ ಅಂತ ಕೇಳೋಕೆ ನಮ್ಮಲ್ಲಿ ಒಬ್ಬಳಿಗೂ ಬಾಯಿ ಬರಲಿಲ್ಲ ಕಣೇ. ಹೂವು ಹಿಡ್ಕೊಂಡು ಹಲ್ಲು ಕಿರಿದು ಫೋಟೋ ಬೇರೆ ತೆಗೆಸಿಕೊಂಡ್ವಿ, ಪೆದ್ದುಗಳು."

"ನಾನೇನು ಮಾಡಲಿ ಅತ್ತೆ?"

"ಕಲಿ. ಕಲಿತ ಮೇಲೆ ಬಾಯಿ ಮುಚ್ಕೊಂಡು ಮಾತ್ರ ಕೂರಬೇಡ."

ಮಾರನೆಯ ದಿನದಿಂದ ಗಡುವಮ್ಮ ಮಧ್ಯಾಹ್ನ ಊಟದ ಡಬ್ಬಿಯನ್ನೂ ಲ್ಯಾಪ್‌ಟಾಪನ್ನೂ ಒಟ್ಟಿಗೇ ತೆರೆದು ಕೂತಳು. ಮೇಷ್ಟ್ರನ್ನೂ ಕೈ ಹಿಡಿದು ಎಳೆತಂದಳು. ಅವರು ಯಂತ್ರಕ್ಕೂ "ತಮ್ಮಲ್ಲಿ ಸವಿನಯ ವಿನಂತಿ" ಎಂದೇ ಶುರು ಮಾಡುತ್ತಿದ್ದರು. "ಮೇಷ್ಟ್ರೇ, ಅರ್ಜಿ ಹಾಕ್ತಾ ಇಲ್ಲ ನೀವು, ಕೆಲಸ ಹೇಳ್ತಾ ಇದೀರಿ!" ಎಂದು ಅವಳು ನಕ್ಕರೆ, "ಯಾರಿಗೆ ಗೊತ್ತು, ನಾಳೆ ಇದೇ ನಮ್ಮ ಮೇಲಧಿಕಾರಿ ಆದ್ರೆ?" ಎನ್ನುತ್ತಿದ್ದರು. ನಗು ಕೇಳಿ ಉಳಿದ ಮ್ಯಾನೇಜರ್‌ಗಳೂ ಕುರ್ಚಿ ಎಳೆದುಕೊಂಡು ಬಂದರು.

ಮುಖ್ಯಸ್ಥರಿಗೆ ಇದು ಹಿಡಿಸಲಿಲ್ಲ. "ಪರೀಕ್ಷೆ ಇಟ್ಟಿರೋದು ಯಾರು ಮುಂದಿದಾರೆ ಅಂತ ನೋಡೋಕೆ. ನೀವು ಪಾಠಶಾಲೆ ತೆರೆದಿದೀರಲ್ಲ" ಎಂದು ಆಕ್ಷೇಪಿಸಿದರು. ಅವಳು ಸೊಪ್ಪು ಹಾಕಲಿಲ್ಲ. ಕೊನೆಗೆ ಪರೀಕ್ಷೆ ನಡೆಯಿತು, ಎಲ್ಲರೂ ಪಾಸಾದರು. ಇಳಿಸುವುದಕ್ಕೆ ಒಬ್ಬರೂ ಸಿಗದೆ ಮುಖ್ಯಸ್ಥರು, "ದರ್ಜೆಯ ಮಾತು ಆಮೇಲೆ ನೋಡೋಣ" ಎಂದು ವಿಷಯವನ್ನೇ ತೇಲಿಸಿಬಿಟ್ಟರು.

ಒಂದು ಬೆಳಿಗ್ಗೆ ಅವಳು ಮಕ್ಕಳ ವಾರ್ಡಿನ ಯೋಜನೆಯನ್ನು ಪೂರ್ತಿ ಆ ಎಐಗೆ ಕೊಟ್ಟು, ಇದರಲ್ಲಿ ತಪ್ಪು ಹುಡುಕು ಎಂದಳು. ಅದು ಹುಡುಕಿಯೇಬಿಟ್ಟಿತು. ಆಮ್ಲಜನಕದ ಕೊಳವೆಗಳು ಸೋರುವುದಿಲ್ಲವೆಂದು ಪರೀಕ್ಷಿಸಿದ ಮೇಲೆ ಅವುಗಳ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿ ಮುಚ್ಚಬೇಕು. ಯೋಜನೆಯಲ್ಲಿ ಮುಚ್ಚುವ ಕೆಲಸವೇ ಮೊದಲು ಬಿದ್ದಿತ್ತು. ಬರೆದವಳು ಅವಳೇ. ಅವಳ ಕಿವಿ ಬಿಸಿಯಾಯಿತು. ಇಷ್ಟು ವರ್ಷದ ಅನುಭವ ಎಂದು ಬೀಗುತ್ತಿದ್ದವಳ ಕಣ್ಣಿಗೆ ಬೀಳದ್ದು ನಿನ್ನೆ ಮೊನ್ನೆ ಬಂದ ಇದರ ಕಣ್ಣಿಗೆ ಬಿತ್ತಲ್ಲ! ಅವಮಾನವನ್ನು ನುಂಗಿಕೊಂಡು ಸೈಟಿಗೆ ಓಡಿದಳು.

ಅಲ್ಲಿ ಅರ್ಧ ವಾರ್ಡು ಆಗಲೇ ಮುಚ್ಚಿತ್ತು. ಸೀಲಿಂಗ್ ಮೇಸ್ತ್ರಿ ಏಣಿಯ ತುದಿಯಲ್ಲಿದ್ದ.

"ಮೇಸ್ತ್ರಿ, ಇದನ್ನೆಲ್ಲ ಬಿಚ್ಚಬೇಕು."

"ತಮಾಷೆನಾ ಮೇಡಂ? ನಿನ್ನೆ ತಾನೇ ಮುಗಿಸಿದ್ದು!"

"ತಪ್ಪು ನಿಮ್ಮದಲ್ಲ, ನಂದು. ನನ್ನನ್ನ ಎಷ್ಟು ಬೇಕಾದ್ರೂ ಬೈಕೊಳ್ಳಿ, ಆದ್ರೆ ಬಿಚ್ಚಿ."

ಮೇಸ್ತ್ರಿ ಆ ಅನುಮತಿಯನ್ನು ಧಾರಾಳವಾಗಿ ಬಳಸಿಕೊಂಡು ಹಲಗೆಗಳನ್ನು ಒಂದೊಂದಾಗಿ ಇಳಿಸಿದ. ಕೊಳವೆಗೆ ಒತ್ತಡ ಕೊಟ್ಟು ನೋಡಿದಾಗ ಎರಡು ಕಡೆ ಬೆಸುಗೆ ಸೋರುತ್ತಿತ್ತು. ಬೈಗುಳ ಅಲ್ಲಿಗೆ ನಿಂತಿತು. ಸೋರಿಕೆ ಸರಿಮಾಡಿ, ಮತ್ತೆ ಪರೀಕ್ಷಿಸಿ, ಮತ್ತೆ ಮುಚ್ಚುವಷ್ಟರಲ್ಲಿ ವಾರ್ಡು ಒಂದು ತಿಂಗಳು ತಡವಾಗುವುದು ಖಂಡಿತವಾಗಿತ್ತು.

ಅವಳು ಹಾಗೆಂದೇ ವರದಿ ಬರೆದಳು. ಮುಖ್ಯಸ್ಥರು ಅದನ್ನು ಓದಿ ಅವಳನ್ನು ಕೋಣೆಗೆ ಕರೆದರು.

"ತಡ ಅನ್ನೋ ಪದ ತೆಗೀರಿ. ಆಸ್ಪತ್ರೆಯವರು ಗಾಬರಿಯಾಗ್ತಾರೆ."

"ಅದಕ್ಕೇ ಸರ್ ಹೇಳಬೇಕಿರೋದು. ಹೊಸ ವಾರ್ಡು ಬರತ್ತೆ ಅಂತ ಅವರು ಹಳೆ ವಾರ್ಡನ್ನ ಬೇರೆ ವಿಭಾಗಕ್ಕೆ ಬಿಟ್ಟುಕೊಡ್ತಾ ಇದಾರೆ. ಮಕ್ಕಳು ಎಲ್ಲಿ ಮಲಗಬೇಕು?"

"ನಿಮಗೆ ನಾಜೂಕು ಗೊತ್ತಿಲ್ಲ" ಎಂದು ಮುಖ್ಯಸ್ಥರು ಅದೇ ಎಐಗೆ ವರದಿಯನ್ನು ಕೊಟ್ಟು ಹಿತವಾಗಿ ತಿದ್ದಲು ಹೇಳಿದರು. ಪರದೆಯ ಮೇಲೆ ಅಕ್ಷರಗಳು ಸಾಲುಗಟ್ಟಿದವು: 'ಗುಣಮಟ್ಟದ ಹೆಚ್ಚುವರಿ ಪರಿಶೀಲನೆಯೊಂದಿಗೆ ಕಾಮಗಾರಿ ಸ್ಥಿರವಾಗಿ ಮುನ್ನಡೆಯುತ್ತಿದೆ.'

"ನೋಡಿ, ಎಷ್ಟು ಚೆನ್ನಾಗಿ ಬರೆದಿದೆ! ಸಹಿ ಹಾಕಿ."

"ಚೆನ್ನಾಗೇ ಬರೆದಿದೆ. ಬರೆಯೋಕೆ ಹೇಳಿದವರು ನೀವು, ಸಹಿನೂ ನೀವೇ ಹಾಕಿ."

ಮುಖ್ಯಸ್ಥರ ಮುಖ ಕೆಂಪಗಾಯಿತು. "ಬರೆಯೋ ಕೆಲಸ ಇದು ಮಾಡತ್ತೆ. ಲೆಕ್ಕಾಚಾರ ಇದು ಮಾಡತ್ತೆ. ಇನ್ನು ನಿಮ್ಮ ಬೆಲೆ ಏನು ಉಳೀತು, ನೀವೇ ಹೇಳಿ."

ಕಲಿಯುವ ಮೊದಲು ಇದೇ ಪ್ರಶ್ನೆ ಅವಳ ನಿದ್ದೆ ಕೆಡಿಸಿತ್ತು. ಈಗ ಅವಳು ತಡವರಿಸಲಿಲ್ಲ. "ಇದರ ಹತ್ತಿರ ಕೆಲಸ ತೆಗೆಯೋದು ನನಗೆ ನಿಮಗಿಂತ ಚೆನ್ನಾಗಿ ಗೊತ್ತು ಸರ್. ಅದು ನನ್ನ ಬೆಲೆಗೆ ಸೇರಿಸಬೇಕಾದ್ದು, ಕಳೆಯಬೇಕಾದ್ದಲ್ಲ. ನಾಳೆ ಆಸ್ಪತ್ರೆಯವರು ಕುತ್ತಿಗೆಪಟ್ಟಿ ಹಿಡಿದು ಕೇಳೋದು ಇದನ್ನಲ್ಲ, ನನ್ನನ್ನ."

ಮಾರನೆಯ ದಿನ ಆಸ್ಪತ್ರೆಯಲ್ಲಿ ಸಭೆ. ಮುಖ್ಯಸ್ಥರು ಹಿತವಾದ ವಾಕ್ಯ ಓದಿ ಮುಗಿಸಿದರು. ಮೇಜಿನ ಆಚೆ ಕೂತಿದ್ದ, ನರ್ಸ್‌ಗಳ ಮೇಲ್ವಿಚಾರಕಿಯಾದ ಮೇಟ್ರನ್, "ಹಾಗಿದ್ರೆ ಹೇಳಿದ ದಿನಕ್ಕೆ ಮಕ್ಕಳನ್ನ ಕರ್ಕೊಂಡು ಬರಬಹುದು ತಾನೇ?" ಎಂದು ಕೇಳಿದರು.

"ಬರೋಕಾಗಲ್ಲ" ಎಂದಳು ಗಡುವಮ್ಮ. "ಒಂದು ತಿಂಗಳು ತಡ ಆಗತ್ತೆ. ಯೋಜನೆಯಲ್ಲಿ ನಾನು ತಪ್ಪು ಮಾಡಿದ್ದೆ, ತಿದ್ದಿದೀನಿ. ಹಳೆ ವಾರ್ಡನ್ನ ಈಗಲೇ ಬಿಟ್ಟುಕೊಡಬೇಡಿ."

ಮುಖ್ಯಸ್ಥರು ನೀರಿನ ಲೋಟದ ಕಡೆ ಕೈ ಚಾಚಿದರು. ಮೇಟ್ರನ್ ಹೊಗಳಲಿಲ್ಲ, ಕರಗಲಿಲ್ಲ. ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡರು. ಅವಳು ತಲೆ ತಗ್ಗಿಸದೆ ಅಷ್ಟನ್ನೂ ಕೇಳಿಸಿಕೊಂಡಳು. ಬೈದು ದಣಿದ ಮೇಲೆ ಮೇಟ್ರನ್ ಫೋನೆತ್ತಿ, ಹಳೆ ವಾರ್ಡಿನ ಮಂಚ ಯಾರೂ ಮುಟ್ಟಕೂಡದು ಎಂದು ತಾಕೀತು ಮಾಡಿದರು. ಆಮೇಲೆ ಅವಳತ್ತ ತಿರುಗಿ, "ಇನ್ನು ಮೇಲೆ ತಾರೀಖು ನೀವೇ ಹೇಳಿ, ಬೇರೆಯವರ ಬಾಯಲ್ಲಿ ಬೇಡ" ಎಂದರು.

ಆಫೀಸಿಗೆ ಮರಳಿದ ಕೂಡಲೇ ಮುಖ್ಯಸ್ಥರು ಅವಳನ್ನು ಸಂಯೋಜಕಿಯಾಗಿ ಇಳಿಸುವುದಾಗಿ ಗುಡುಗಿದರು. ಬಾಗಿಲು ತೆರೆದೇ ಇತ್ತು, ಮಾತು ಹೊರಗೆಲ್ಲ ಕೇಳಿಸಿತು. ಮೊದಲು ಒಳಗೆ ಬಂದವರು ಮೇಷ್ಟ್ರು. ಅವರ ಹಿಂದೆ ಉಳಿದವರು.

"ಸರ್, ಪಾಸಾಗದವರು ಮಾತ್ರ ಸಂಯೋಜಕರು ಅಂತ ನೀವೇ ಹೇಳಿದ್ರಿ" ಎಂದರು ಮೇಷ್ಟ್ರು. ಕನ್ನಡಕ ತೆಗೆದು ಒರೆಸುತ್ತಲೇ ಮುಂದುವರಿಸಿದರು. "ಅವಳನ್ನ ಇಳಿಸಿದ್ರೆ ನಮ್ಮನ್ನೂ ಇಳಿಸಿ. ಸುಳ್ಳು ಇರೋ ವರದಿಗೆ ನಾವು ಯಾರೂ ಹೆಸರು ಹಾಕಲ್ಲ. ಯಾರು ಬರೆದಿದ್ರೂ ಸರಿ, ಮನುಷ್ಯ ಆಗಲಿ, ಯಂತ್ರ ಆಗಲಿ."

ಅಷ್ಟೂ ಮ್ಯಾನೇಜರ್‌ಗಳು ಒಂದೇ ದಿನ ಕೈಯೆತ್ತಿದರೆ ಕಂಪನಿಯ ಸೈಟುಗಳೆಲ್ಲ ನಿಂತುಹೋಗುತ್ತವೆ ಎಂಬುದು ಮುಖ್ಯಸ್ಥರಿಗೆ ಗೊತ್ತಿತ್ತು. ಅವರು ಕ್ಷಮೆ ಕೇಳಲಿಲ್ಲ, ಕೇಳುವ ಜಾತಿಯವರೂ ಅಲ್ಲ. ದರ್ಜೆ ಇಳಿಸುವ ಮಾತು ಮಾತ್ರ ಮತ್ತೆ ಏಳಲಿಲ್ಲ. ಗಡುವಮ್ಮನಿಗೆ ಆ ವರ್ಷ ಬಡ್ತಿಯೂ ಬರಲಿಲ್ಲ. ಅವಳು ಮುಂದಿನ ವರ್ಷ ಮತ್ತೆ ಕೇಳಿದಳು. "ಇಲ್ಲ ಅಂದ್ರೆ ಏನು ಮಾಡ್ತೀರಿ?" ಎಂದು ಮುಖ್ಯಸ್ಥರು ಕೇಳಿದಾಗ, "ಬೇರೆ ಕಂಪನಿಯವರೂ ಕರೀತಾ ಇದಾರೆ ಸರ್" ಎಂದಳು. ಅದು ನಿಜವೂ ಆಗಿತ್ತು. ಬಡ್ತಿ ಬಂತು, ಮೇಷ್ಟ್ರಿಗೂ ಬಂತು.

ಅದಕ್ಕೂ ಮೊದಲು ವಾರ್ಡು ತೆರೆದಿತ್ತು, ಅವಳು ಮೇಟ್ರನ್‌ಗೆ ಹೇಳಿದ ದಿನಕ್ಕೇ. ಅಂದು ಮುಖ್ಯಸ್ಥರು ಅತಿಥಿಗಳನ್ನು ಕರೆದುಕೊಂಡು ಬಂದು, "ಇವರು ನಮ್ಮ ಎಐ ಪರಿಣತೆ" ಎಂದು ಅವಳನ್ನು ಪರಿಚಯಿಸಿದರು.

"ಎಐ ಕೆಲಸವೂ ಗೊತ್ತು, ಅಷ್ಟೇ" ಎಂದಳು ಅವಳು. "ನಾನು ಪ್ರಾಜೆಕ್ಟ್ ಮ್ಯಾನೇಜರ್. ಈ ವಾರ್ಡಿನ ಬಗ್ಗೆ ಏನು ಕೇಳಬೇಕಿದ್ರೂ ನನ್ನನ್ನೇ ಕೇಳಿ."

ಅತಿಥಿಯೊಬ್ಬರು ಕೇಳಿಯೇಬಿಟ್ಟರು, ಇಷ್ಟು ತಡ ಯಾಕಾಯಿತು ಎಂದು. ಅವಳು ಮೇಲಿನ ಸೀಲಿಂಗ್ ಕಡೆ ಬೆರಳು ತೋರಿಸಿ, ಮುಖ್ಯಸ್ಥರ ಎದುರಿಗೇ, ಮೊದಲಿನಿಂದ ಹೇಳತೊಡಗಿದಳು.