ಹಿಂದಿನ ಸೀಟಿಲ್ಲದ ಕಾರು

ಹಮೀದ್ ಕಾಕನ ಕಾರಿನ ವ್ಯಾಪಾರ ಕೆಟ್ಟದ್ದರಲ್ಲಿ ಅರ್ಧ ಪಾಲು ನನ್ನ ಮೂರ್ಖತನದ್ದು, ಇನ್ನರ್ಧ ತುಳು ಭಾಷೆಯದ್ದು. ಭಾಷೆಯನ್ನು ಕರೆದು ನಿಲ್ಲಿಸಿ ಬೈಯುವ ಹಾಗಿಲ್ಲವಲ್ಲ, ಹಾಗಾಗಿ ಎರಡೂ ಪಾಲನ್ನು ನಾನೇ ಹೊತ್ತುಕೊಂಡಿದ್ದೇನೆ.

ಇದೆಲ್ಲ ನೆನಪಾಗಲು ಕಾರಣ ಮೊನ್ನೆ ಮೂಡುಬಿದಿರೆಯಲ್ಲಿ ಮೂಗಿಗೆ ಬಡಿದ ಒಂದು ವಾಸನೆ. ಮದುವೆ ಹಾಲಿನ ಎದುರು ಯಾರದ್ದೋ ಹೊಸ ಕಾರು ನಿಂತಿತ್ತು. ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಬಿಸಿಲಿಗೆ ಕಾದ ಆ ಪ್ಲಾಸ್ಟಿಕ್ಕಿನ ವಾಸನೆ ನಿಮಗೂ ಗೊತ್ತಿರಬಹುದು, ಅರ್ಧ ಸಂಭ್ರಮ, ಅರ್ಧ ವಾಂತಿ. ಕಿಟಕಿಯೊಳಗೆ ಮೂಗು ತೂರಿಸಿ ನಿಂತ ನನ್ನನ್ನು ಕಂಡು ಕಾರಿನ ಯಜಮಾನರು ಕಳ್ಳನೆಂದುಕೊಂಡರು. "ವಾಸನೆ ನೋಡ್ತಾ ಇದ್ದೆ" ಎಂದೆ. ಆಮೇಲೆ ಹುಚ್ಚನೆಂದುಕೊಂಡರು.

ಕಾಕನ ಕಾರಿನ ಕಾಲದಲ್ಲಿ ನಾನು ಉಜಿರೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಓದಲು ಹೋಗುತ್ತಿದ್ದೆ ಎಂಬುದು ಮನೆಯವರ ನಂಬಿಕೆ. ನಾನು ನಿಜವಾಗಿ ಕಲಿತದ್ದು ಮಿಮಿಕ್ರಿ. ಪ್ರಿನ್ಸಿಪಾಲರ ಕೆಮ್ಮು, ಧರ್ಮಸ್ಥಳ ಬಸ್ಸಿನ ಕಂಡಕ್ಟರನ ಗಂಟಲು, ಸಿಟ್ಟು ಬಂದಾಗ ನಮ್ಮಪ್ಪ ಮೂಗಿನಿಂದ ಬಿಡುವ ಗಾಳಿ, ಎಲ್ಲ ನನ್ನ ವಶದಲ್ಲಿತ್ತು. ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ ಎಂಬುದು ಬೇರೆ ಮಾತು.

ಹಮೀದ್ ಕಾಕ ವಾಮದಪದವಿನಲ್ಲಿ ನಮ್ಮ ನೆರೆಮನೆಯವರು. ಗಲ್ಫಿನಲ್ಲಿ ಒಬ್ಬ ಅರಬಿಯ ಮನೆಯಲ್ಲಿ ವರ್ಷಗಟ್ಟಲೆ ಡ್ರೈವರಾಗಿದ್ದು, ಇನ್ನು ಅತ್ತ ಹೋಗುವುದಿಲ್ಲವೆಂದು ಮರಳಿದ್ದರು. ಬಿ.ಸಿ. ರೋಡಿನಲ್ಲಿ ಚಪ್ಪಲಿ ಅಂಗಡಿ ಇಟ್ಟರು. ಆಮೇಲೆ ಒಂದು ದಿನ ನನ್ನನ್ನು ಕರೆದು, ಸ್ಪೋರ್ಟ್ಸ್ ಕಾರು ತೆಗೆದುಕೊಳ್ಳಬೇಕು ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

"ನೋಡು ಮಾರಾಯ, ಇಷ್ಟು ವರ್ಷ ಹಿಂದಿನ ಸೀಟಿನವರು ಹೇಳಿದಲ್ಲಿಗೆ ಹೋದೆ. ನಿಲ್ಲಿಸು ಅಂದರೆ ನಿಲ್ಲಿಸಿದೆ. ಇನ್ನು ನನಗೆ ಹಿಂದಿನ ಸೀಟೇ ಇಲ್ಲದ ಕಾರು ಬೇಕು."

ನನಗೆ ಸುಮ್ಮನಿರಲು ಬರುವುದಿಲ್ಲ. ಕಂಡೇ ಇರದ ಆ ಅರಬಿಯ ದನಿ ತೆಗೆದು ಹಿಂದಿನಿಂದ, "ಹಮೀದ್, ಯಲ್ಲಾ" ಎಂದೆ, ಹೊರಡು ಎನ್ನುವ ಹಾಗೆ. ಕಾಕ ತಟ್ಟನೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಬಲಗಾಲು ನೆಲವನ್ನು ಒತ್ತಿತು. ಚಹಾ ತಂದಿದ್ದ ಅವರ ಹೆಂಡತಿ ಜೊಹರಕ್ಕ ಅದನ್ನು ನೋಡಿ, ಲೋಟ ಅಲ್ಲೇ ಇಟ್ಟು ಒಳಗೆ ಹೋದರು. ಅಂದಿನಿಂದ ಕಾಕನಿಗೆ ಕಾರು ಕೊಡಿಸುವುದು ನನ್ನ ಜವಾಬ್ದಾರಿ ಎಂದು ನಾನೇ ತೀರ್ಮಾನಿಸಿದೆ.

ಎರಡು ಕಾರು ಕಣ್ಣಿಗೆ ಬಿದ್ದಿದ್ದವು. ಒಂದು ನಮ್ಮ ದೇಶದಲ್ಲೇ ತಯಾರಾದ ಕೆಂಪು ಕಾರು, ಎರಡು ಬಾಗಿಲು, ಎರಡೇ ಸೀಟು. ಅದನ್ನು ಮಾರುವವರು ಮಂಗಳೂರಿನ ಒಬ್ಬ ಶೆಟ್ರು. ಇನ್ನೊಂದು ಜಪಾನಿನಿಂದ ಬಂದ ಸೆಕೆಂಡ್‌ಹ್ಯಾಂಡ್. ಅದರ ಡೀಲರ್ ಬೆಂಗಳೂರಿನವ. ದೇಶದ್ದಾದರೆ ಬಿಡಿಭಾಗ ಸಿಗುತ್ತದೆ, ಆದರೆ ಗಲ್ಫಿನಿಂದ ಬಂದವ ಊರ ಕಾರು ತೆಗೆದುಕೊಂಡರೆ ಜನ ಏನಂದಾರು? ಫಾರಿನ್ನಿನದ್ದಾದರೆ ಮರ್ಯಾದೆ ಉಂಟು, ಆದರೆ ವಾಮದಪದವಿನಲ್ಲಿ ಅದು ಕೆಟ್ಟು ನಿಂತರೆ ಜಪಾನಿಗೆ ಯಾವ ಬಸ್ಸು? ಬೆಳಿಗ್ಗೆ ಕಾಕ ಫಾರಿನ್ ಎನ್ನುತ್ತಿದ್ದರು, ಸಂಜೆ ದೇಶದ್ದು. ನಾನು ಎರಡಕ್ಕೂ ತಲೆಯಾಡಿಸುತ್ತಿದ್ದೆ.

ಬೆಂಗಳೂರಿಗೆ ಫೋನ್ ಮಾಡಲು ಎಸ್‌ಟಿಡಿ ಬೂತಿಗೆ ಹೋದೆವು. ಗಾಜಿನ ಗೂಡಿನಲ್ಲಿ ಒಂದೇ ರಿಸೀವರಿಗೆ ಇಬ್ಬರ ಕಿವಿ. ನಾನು ದೊಡ್ಡ ಕುಳದ ದಪ್ಪ ದನಿ ತೆಗೆದು, "ಹೇಳ್ರೀ, ಲಾಸ್ಟ್ ಎಷ್ಟಕ್ಕೆ ಕೊಡ್ತೀರಾ?" ಎಂದು ಬೆಂಗಳೂರು ಕನ್ನಡ ಬಿಟ್ಟೆ. ಡೀಲರ್ ರೇಟು ಹೇಳಿದ. ಕಾಕನಿಗೆ ಆ ರೇಟೇ ಸಾಕಾಗಿತ್ತು. ಬಾಯಿ ತಡೆಯದೆ ತುಳುವಿನಲ್ಲಿ, "ಬೋಡು, ಬೋಡು" ಎಂದರು. ಬೇಕು, ಬೇಕು.

ಪಾಪ, ಬೆಂಗಳೂರಿನವನಿಗೆ ಅದು 'ಬೇಡ, ಬೇಡ' ಎಂದು ಕೇಳಿಸಿತು.

"ಬೇಡ್ವಾ ಸಾರ್? ಸರಿ, ಇನ್ನೂ ಸ್ವಲ್ಪ ಕಮ್ಮಿ ಮಾಡ್ಕೊಡ್ತೀನಿ."

"ಬೋಡುಯಾ" ಎಂದರು ಕಾಕ ಇನ್ನೂ ಗಟ್ಟಿಯಾಗಿ.

"ಅಯ್ಯೋ, ಬೇಡ ಅನ್ಬೇಡಿ ಸಾರ್. ನಿಮಗೋಸ್ಕರ ಇನ್ನೊಂದಷ್ಟು ಬಿಡ್ತೀನಿ."

ಆಗಲೇ ನನಗೆ ವಿಷಯ ಹೊಳೆದಿತ್ತು. ಹೇಳಬೇಕಿತ್ತು. ಆದರೆ ಕಾಕ ಬೇಕು ಎಂದಷ್ಟೂ ಬೆಲೆ ಇಳಿಯುವ ಆ ಚೋದ್ಯ ನೋಡುತ್ತಾ ನಗು ನುಂಗಿಕೊಂಡು ನಿಂತೆ. ನನ್ನ ಮೂರ್ಖತನವೆಂದರೆ ಇದೇ. ಕಾಕ ನನ್ನ ಕೈಯಿಂದ ರಿಸೀವರ್ ಕಿತ್ತು ಇಟ್ಟುಬಿಟ್ಟರು. ಮುಖ ಬಾಡಿತ್ತು.

"ಕೇಳದೆ ಇಳಿಸ್ತಾನಲ್ಲ ಮಾರಾಯ. ಆ ಕಾರಿಗೆ ಏನೋ ಉಂಟು."

ನಾನು ವಿವರಿಸಿದೆ. ಅವರು, "ಹಾಗಾದರೆ ಅವನು ಮೋಸಗಾರನಾ, ಕಿವುಡನಾ? ಕಿವುಡನಾದರೆ ನಾಳೆ ಕಂಪ್ಲೇಂಟ್ ಹೇಳುವುದು ಯಾರಿಗೆ?" ಎಂದರು.

ಮಂಗಳೂರಿನ ಶೆಟ್ರಿಗೆ ತುಳು ಬರುತ್ತಿತ್ತು. ಕಾಕ "ಬೋಡು" ಎಂದದ್ದು ಅವರಿಗೆ ಸರಿಯಾಗಿಯೇ ಕೇಳಿಸಿ, ಒಂದು ರೂಪಾಯಿಯೂ ಇಳಿಸಲಿಲ್ಲ. ಕಾಕನಿಗೆ ಅದೇ ಹಿಡಿಸಿತು. "ಬಗ್ಗುವುದಿಲ್ಲ ಅಂದರೆ ಮಾಲು ಒಳ್ಳೆಯದು" ಎಂದರು. ನನ್ನ ತಲೆ ಪೂರ್ತಿ ತಿರುಗಿದ್ದು ಆಗ. ಕಡಿಮೆಗೆ ಕೊಡುವವ ಕಳ್ಳ, ಕೊಡದವ ಸತ್ಯವಂತ. ಇದು ವ್ಯಾಪಾರವೋ ಭಕ್ತಿಯೋ ತಿಳಿಯಲಿಲ್ಲ.

ಶೆಟ್ರು ಕೆಂಪು ಕಾರನ್ನು, ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ, ಒಂದು ಭಾನುವಾರ ಟ್ರಯಲ್ಲಿಗೆಂದು ಬಿ.ಸಿ. ರೋಡಿಗೆ ಕಳಿಸಿದರು. ಕಾಕ ಎಡಕ್ಕೆ ಸ್ಟಿಯರಿಂಗ್ ಇರುವ ಗಲ್ಫಿನ ಅಭ್ಯಾಸದಲ್ಲಿ ಎಡಗಡೆಯ ಬಾಗಿಲು ತೆರೆದು ಗಂಭೀರವಾಗಿ ಕುಳಿತು, ಸ್ಟಿಯರಿಂಗ್ ಹುಡುಕಿದರು. ಬಲಕ್ಕೆ ಬಂದ ಮೇಲೂ ಗೇರು ಹಾಕಲು ಹೋದ ಬಲಗೈ ಬಾಗಿಲಿಗೆ ಬಡಿಯುತ್ತಿತ್ತು. ಆದರೆ ಊರಿನ ದಾರಿ ಹಿಡಿದ ಮೇಲೆ ಅವರ ಮುಖ ನೋಡಬೇಕಿತ್ತು. ಎಲ್ಲಿಗೆಂದು ಯಾರೂ ಹೇಳುವವರಿಲ್ಲ. ಬೇಕೆಂದಲ್ಲಿ ನಿಲ್ಲಿಸಿದರು, ಸುಮ್ಮನೆ. ಮತ್ತೆ ಹೊರಟರು. ಕನ್ನಡಿಯಲ್ಲಿ ಹಿಂದೆ ನೋಡಿ, ಅಲ್ಲಿ ಬರೀ ರಸ್ತೆ ಕಂಡು, ಸಣ್ಣ ಹುಡುಗನ ಹಾಗೆ ನಕ್ಕರು. ಆ ಮನುಷ್ಯನನ್ನು ಅಣಕಿಸಬೇಕೆಂದು ನನಗೆ ಅನಿಸದೆ ಇದ್ದದ್ದು ಅದೊಂದು ಸಲ.

ಮನೆ ಅಂಗಳದಲ್ಲಿ ಕಾಕನ ತಾಯಿ ಉಮ್ಮ ಹೊಸ ಸೀರೆಯುಟ್ಟು ನಿಂತಿದ್ದರು. ಮೂವರು ಮಕ್ಕಳು ತಲೆ ಬಾಚಿಕೊಂಡಿದ್ದರು. ಜೊಹರಕ್ಕ ಬುರ್ಖಾ ಹಾಕಿ, ಬಾಗಿಲಿಗೆ ಬೀಗವನ್ನೂ ಹಾಕಿದ್ದರು. ಕಾಕನದ್ದು ಬಿಟ್ಟರೆ ಕಾರಿನಲ್ಲಿ ಇದ್ದದ್ದು ಒಂದೇ ಸೀಟು, ಅದರಲ್ಲಿ ನಾನಿದ್ದೆ. ಗಡಬಡಿಸಿ ಇಳಿದೆ. ಯಾರೂ ಹತ್ತಲಿಲ್ಲ. ಕಾಕ ಎಂಜಿನ್ ಆಫ್ ಮಾಡಿ ಸ್ಟಿಯರಿಂಗ್ ಹಿಡಿದುಕೊಂಡೇ ಕುಳಿತರು. ನನಗೆ ಸುಮ್ಮನಿರಲು ಬರುವುದಿಲ್ಲವಲ್ಲ. "ಜೊಹರಕ್ಕ, ನೀವೇ ಹೇಳಿ. ಊರಿನದ್ದಾ, ಫಾರಿನ್ನಿನದ್ದಾ?" ಎಂದು ಹಲ್ಲು ಕಿರಿದೆ.

ಅವರು ಕೊಟ್ಟ ಉತ್ತರವನ್ನು ಆಮೇಲೆ ಎಷ್ಟೋ ವೇದಿಕೆಯಲ್ಲಿ ಅವರದ್ದೇ ದನಿಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಮೊನ್ನೆ ಆ ಮದುವೆ ಹಾಲಿನಲ್ಲೂ ಹೇಳಹೊರಟೆ. ಈಗ ನನಗೂ ಮದುವೆಯಾಗಿದೆ, ತಿಂಗಳಲ್ಲಿ ಅರ್ಧ ದಿನ ಮಿಮಿಕ್ರಿ ಕಾರ್ಯಕ್ರಮವೆಂದು ಊರೂರು ಸುತ್ತುತ್ತೇನೆ. ಯಾಕೋ ಅವರ ದನಿ ತೆಗೆಯಲಾಗಲಿಲ್ಲ. ಅಂದು ಜೊಹರಕ್ಕ ಬೀಗದ ಕೈಯನ್ನು ಬಲಗೈಯಿಂದ ಎಡಗೈಗೆ ಬದಲಿಸಿ, ನನ್ನನ್ನಲ್ಲ, ಕಾಕನನ್ನು ನೋಡುತ್ತಾ ಹೇಳಿದ್ದು ಇಷ್ಟೇ:

"ಕಾರು ಯಾವುದಾದರೂ ಆಗ್ತದೆ. ಗಂಡನನ್ನು ಇಷ್ಟು ವರ್ಷ ಫಾರಿನ್ನಿನಲ್ಲಿ ಇಟ್ಟು ಸಾಕಾಗಿದೆ ನನಗೆ."