ಬಾಯಿ ಪರೀಕ್ಷೆ ನಿಂತ ಪ್ರಶ್ನೆ

ಸ್ನೇಹಿತರೇ, ಬಸರಾಳು ಹೋಬಳಿಯ ನಮ್ಮೂರಿನಲ್ಲಿ ಇವತ್ತು ನಡೆದ ವಯಸ್ಕರ ಸಾಕ್ಷರತಾ ಪರೀಕ್ಷೆ ಮೊದಲ ಪ್ರಶ್ನೆಯಲ್ಲೇ ನಿಂತುಹೋಯಿತು. ಅಂಕ ಬರೆಯಲು ಕೂತಿದ್ದ ನಾನು ಕಣ್ಣಾರೆ ಕಂಡದ್ದು. ಹೆಂಗಸರಿಗೆ ಪೆನ್ನು ಹಿಡಿದರೆ ಕೈ ನಡುಗುತ್ತದೆ, ಓದಿಸಿ ಬಾಯಲ್ಲೇ ಉತ್ತರ ಹೇಳಿಸೋಣ ಎಂದು ಸಲಹೆ ಕೊಟ್ಟವನೂ ನಾನೇ.

ಮೊದಲು ಬಂದವರು ಕೆಂಪಮ್ಮ. ಪಾಸಾದರೆ ಅವರನ್ನೇ ಮಹಿಳಾ ಸಂಘದ ಪ್ರತಿನಿಧಿ ಮಾಡುವುದೆಂದು ಮಾತಾಗಿದೆ. ಮಂಡ್ಯದಿಂದ ಬಂದಿದ್ದ ಪರೀಕ್ಷಕಿ ಸವಿತಾ ಕೊಟ್ಟ ಚೀಟಿಯನ್ನು ಅವರು ತಡವರಿಸದೆ ಓದಿದರು: "ನಿಮ್ಮ ಗಂಡನ ಹೆಸರೇನು?" ಓದಿ ಚೀಟಿ ಮಡಿಸಿ ಹಿಂದಕ್ಕೆ ಕೊಟ್ಟರು.

"ಹೇಳಿ ಅಜ್ಜಿ, ಗೊತ್ತಲ್ವಾ?"

"ಗೊತ್ತಿಲ್ದೆ ಏನವ್ವ? ನಲವತ್ತು ವರ್ಸದಿಂದ ಒಂದಿನಾನೂ ಬಾಯಲ್ಲಿ ಏಳಿಲ್ಲ. ಈಗ ನಿನ್ ಮಾರ್ಕಿಗೋಸ್ಕರ ಏಳ್ಲಾ?"

ಹಿಂದೆ ಕೂತಿದ್ದ ಜಯಮ್ಮ ನಕ್ಕರು. "ಏಳ್ಬುಡಮ್ಮಿ, ಗೌಡ್ರು ಗದ್ದೆಗೋಗವ್ರೆ, ಕೇಳುಸಾಕಿಲ್ಲ!"

"ಅಂಗಾರೆ ನಿನ್ ಗಂಡನ ಹೆಸ್ರ ನೀನೇಳಮ್ಮಿ, ಕೇಳವ!"

ಜಯಮ್ಮ ಬಾಯಿಗೆ ಸೆರಗು ಹಿಡಿದರು. ಸಾಲಿನಲ್ಲಿದ್ದ ಹದಿನಾಲ್ಕು ಹೆಂಗಸರಲ್ಲಿ ಯಾರೂ ಹೇಳಲು ಒಪ್ಪಲಿಲ್ಲ. ನಿಯಮದಂತೆ ಸವಿತಾ ಸೊನ್ನೆ ಹಾಕಲು ಹೇಳಿದರು. ಅಷ್ಟರಲ್ಲಿ ಕೆಂಪಮ್ಮ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಅಂಕಪಟ್ಟಿಯ ಅಂಚಿನಲ್ಲೇ ಬರೆದರು: ಸಿದ್ದೇಗೌಡ. ಅಕ್ಷರ ದುಂಡಗಿತ್ತು. ಕೈ ನಡುಗಲಿಲ್ಲ.

"ಬರದ್ರೆ ತಪ್ಪಿಲ್ವಾ?" ಎಂದೆ.

"ಬರದ್ರೆ ಯಾರಿಗ್ ಕೇಳುಸ್ತದೆ ಮೇಷ್ಟ್ರೇ?"

ಸುಲಭವಾಗಲೆಂದು ನಾನು ಆರಿಸಿದ್ದು ಅವರಿಗಿದ್ದ ಒಂದೇ ಕಷ್ಟದ ದಾರಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರಿಗೂ ಲಿಖಿತ ಪರೀಕ್ಷೆ.